ಕೊಳ ಆಯ್ತು, ತಂಡ ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈಜಿನ ಬಗ್ಗೆಯೇ ಇವೆ. ಹೊಸದಾಗಿ ಕೊಳ ಕಟ್ಟಿಸಿದ ಕಾಲೇಜುಗಳಲ್ಲಿ ಕೆಲಸಕ್ಕೆ ಸೇರಿದವರು, ಸೇರಲೋ ಬೇಡವೋ ಅಂತ ಯೋಚಿಸುತ್ತಿರುವವರು, ತಂಡಕ್ಕೆ ಬರಲು ಹಿಂಜರಿಯುತ್ತಿರುವ ಮಕ್ಕಳು ಬರೆದಿದ್ದಾರೆ. ನಾನು ಇಪ್ಪತ್ತೆರಡು ವರ್ಷ ಕರಾವಳಿಯ ಒಂದು ಕಾಲೇಜಿನಲ್ಲಿ ಈಜು ತಂಡ ನೋಡಿಕೊಂಡವಳು. ಅದನ್ನು ಶುರು ಮಾಡಿದ್ದೂ ನಾನೇ. ಹಾಗಾಗಿ ಈ ಸಲ ಬೇರೆ ಆಟದ ಪತ್ರಗಳನ್ನು ಪಕ್ಕಕ್ಕಿಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಡಿಗ್ರಿಯಲ್ಲಿದ್ದಾಗ ಯೂನಿವರ್ಸಿಟಿ ತಂಡದಲ್ಲಿ ಈಜಿದ್ದೆ. ಐದು ವರ್ಷದಿಂದ ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೇನೆ. ನಮ್ಮೂರ ಕಡೆಯ ಒಂದು ಕಾಲೇಜು 25 ಮೀಟರ್ ಕೊಳ ಕಟ್ಟಿಸಿದೆ, ಬಂದು ತಂಡ ಕಟ್ಟಿಕೊಡಿ ಅನ್ನುತ್ತಿದ್ದಾರೆ. ಸಂಬಳ ಈಗಿನದಕ್ಕಿಂತ ಕಡಿಮೆ, ಒಂದು ವರ್ಷದ ಕರಾರು. ಮೊದಲ ವರ್ಷವೇ ಪದಕ ಬರಬೇಕಂತೆ. ಮನೆಯಲ್ಲಿ ಎಲ್ಲರಿಗೂ ಊರಿಗೆ ಹೋಗುವ ಆಸೆ. ಹೋಗಲಾ?
- ಹೆಸರು ಬೇಡ, ಬೆಂಗಳೂರು

ಉತ್ತರ: ಹೋಗಿ ಅಂತಲೇ ಹೇಳುತ್ತೇನೆ. ಆದರೆ ಸಹಿ ಹಾಕುವ ಮುಂಚೆ ಒಂದು ದಿನ ರಜೆ ಹಾಕಿ, ಆ ಕೊಳದ ಹತ್ತಿರ ಬೆಳಗ್ಗೆಯಿಂದ ಸಂಜೆವರೆಗೆ ಕೂತು ಬನ್ನಿ. ಪ್ರಾಂಶುಪಾಲರ ಕೋಣೆಯಲ್ಲಿ ಗೊತ್ತಾಗದ ಎಷ್ಟೋ ಸಂಗತಿ ಅಲ್ಲಿ ಗೊತ್ತಾಗುತ್ತವೆ.

ಮೊದಲು ಆಳ ಅಳೆಯಿರಿ. ಸ್ಟಾರ್ಟಿಂಗ್ ಬ್ಲಾಕ್ (ಸ್ಪರ್ಧೆಯಲ್ಲಿ ಮೇಲೆ ನಿಂತು ನೀರಿಗೆ ಹಾರುವ ಕಟ್ಟೆ) ಇರುವ ಗೋಡೆಯಿಂದ 1 ಮೀಟರ್‌ನಿಂದ 6 ಮೀಟರ್‌ವರೆಗೆ ನೀರು ಕನಿಷ್ಠ 1.35 ಮೀಟರ್ ಆಳ ಇರಬೇಕು, ಇದು ಅಂತರರಾಷ್ಟ್ರೀಯ ನಿಯಮ. ಕಲಿಯುವವರಿಗೆ ಅನುಕೂಲ ಅಂತ ಒಂದು ತುದಿಯನ್ನು ಸೊಂಟದ ಮಟ್ಟಕ್ಕೆ ಕಟ್ಟಿ, ನೋಡಲು ಚೆಂದ ಅಂತ ಅಲ್ಲೂ ಬ್ಲಾಕ್ ಕೂರಿಸಿದ ಕೊಳಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಿದ್ದರೆ ಆ ಬ್ಲಾಕ್‌ಗಳನ್ನು ತೆಗೆಸುವುದೇ ನಿಮ್ಮ ಮೊದಲ ಕೆಲಸ. ಅಲ್ಲಿಂದ ಡೈವ್ ಹೊಡೆದ ಹುಡುಗನ ಕುತ್ತಿಗೆಗೆ ಏನಾದರೂ ಆದರೆ ಆಮೇಲೆ ಯಾವ ತಂಡ, ಯಾವ ಪದಕ?

ಆಮೇಲೆ ಪಂಪ್ ರೂಮಿಗೆ ಹೋಗಿ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ ಅಂದರೆ ಸುಮಾರು 4.7 ಲಕ್ಷ ಲೀಟರ್ ನೀರು. ಅಷ್ಟು ನೀರನ್ನು ದಿನಾ ನೋಡಿಕೊಳ್ಳುವವರು ಯಾರು? ಕ್ಲೋರಿನ್, ಪಿಎಚ್ (ನೀರಿನ ಆಮ್ಲ-ಕ್ಷಾರದ ಮಟ್ಟ) ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದಿಡುತ್ತಾರಾ? ಪಿಎಚ್ 7.2ರಿಂದ 7.8ರ ಒಳಗೆ ಇಲ್ಲದಿದ್ದರೆ ಮಕ್ಕಳ ಕಣ್ಣು ಉರಿಯುತ್ತದೆ, ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ತೋಟದವರೇ ಬಿಡುವಾದಾಗ ಪೌಡರ್ ಹಾಕುತ್ತಾರೆ ಅನ್ನುವ ಉತ್ತರ ಬಂದರೆ, ಇದಕ್ಕೆ ಬೇರೆ ಆಪರೇಟರ್ ಬೇಕು ಅಂತ ಅಲ್ಲೇ ಹೇಳಿಬಿಡಿ. ಲೈಫ್‌ಗಾರ್ಡ್ ಕೂಡ ಬೇರೆಯವರೇ ಆಗಬೇಕು. ಸ್ಟಾಪ್‌ವಾಚ್ ನೋಡುತ್ತಿರುವ ನೀವು ಅದೇ ಹೊತ್ತಿಗೆ ಇಪ್ಪತ್ತು ತಲೆ ಕಾಯಲು ಆಗುವುದಿಲ್ಲ.

ಮೂರನೆಯದು ಸಮಯ. ಬೆಳಗ್ಗೆ 5.30ರಿಂದ 7.30, ಸಂಜೆ ಎರಡು ಗಂಟೆ, ಈ ಹೊತ್ತಿನಲ್ಲಿ ಕೊಳ ತಂಡಕ್ಕೆ ಮಾತ್ರ ಅಂತ ಬರೆಸಿಕೊಳ್ಳಿ. ನಾನು ಬಾಯಿಮಾತಿಗೆ ಒಪ್ಪಿಕೊಂಡು ಸೇರಿದ್ದೆ. ಜುಲೈಯಲ್ಲಿ ಐದೂ ಲೇನ್ ನಮ್ಮದಾಗಿದ್ದವು. ದಸರಾ ಹೊತ್ತಿಗೆ ಸಂಜೆಯ ಮೂರು ಲೇನ್ ಹಣ ಕಟ್ಟಿ ಬರುವ ಹೊರಗಿನವರಿಗೆ ಹೋಗಿತ್ತು. ಇಪ್ಪತ್ತು ಮಕ್ಕಳು ಉಳಿದೆರಡು ಲೇನ್‌ನಲ್ಲಿ ಒಬ್ಬರ ಕಾಲು ಇನ್ನೊಬ್ಬರ ಮುಖಕ್ಕೆ ತಾಗುವಂತೆ ಈಜಬೇಕಾಯಿತು. ಆ ವರ್ಷ ಎಂಟು ಮಕ್ಕಳು ಬಿಟ್ಟು ಹೋದರು. ಇವತ್ತಿಗೂ ಅವರ ಮುಖ ನೆನಪಿದೆ.

ಇನ್ನು ಪದಕದ ಮಾತು. ಆಡಳಿತ ಮಂಡಳಿಯವರಿಗೆ ಒಂದು ಉದಾಹರಣೆ ಹೇಳಿ. ಅಮೆರಿಕದ ಕಾಲೇಜು ಈಜಿನಲ್ಲಿ ಎಡ್ಡಿ ರೀಸ್ ಅಂತ ದೊಡ್ಡ ಕೋಚ್. ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ 15 ರಾಷ್ಟ್ರೀಯ ಕಾಲೇಜು ಪ್ರಶಸ್ತಿ ತಂದುಕೊಟ್ಟವರು. ಅದಕ್ಕೂ ಮುಂಚೆ, 1972ರಲ್ಲಿ, ಅವರು ಆಬರ್ನ್ ವಿಶ್ವವಿದ್ಯಾಲಯದ ತಂಡ ಕೈಗೆ ತೆಗೆದುಕೊಂಡಾಗ ಅದು ಸೋತು ಸುಣ್ಣವಾಗಿತ್ತು. ಅದೇ ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂದಿದ್ದು 1978ರಲ್ಲಿ. ಅಂಥವರಿಗೇ ಆರು ವರ್ಷ ಬೇಕಾಯಿತು, ಅದೂ ಅಷ್ಟೆಲ್ಲ ಸೌಕರ್ಯ ಇರುವ ದೇಶದಲ್ಲಿ. ನೀವು ಮೂರು ವರ್ಷದ ಕರಾರು ಕೇಳಿ. ಒಂದು ಬ್ಯಾಚ್ ಒಳಗೆ ಬಂದು ಡಿಗ್ರಿ ಮುಗಿಸಿ ಹೊರಗೆ ಹೋಗುವಷ್ಟು ಕಾಲ ನಿಮಗೆ ಬೇಕು. ಕೊಡದಿದ್ದರೆ, ವರ್ಷದ ಕೊನೆಗೆ ನಿಮ್ಮನ್ನು ಯಾವ ಲೆಕ್ಕದ ಮೇಲೆ ಉಳಿಸಿಕೊಳ್ಳುತ್ತಾರೆ ಅನ್ನುವುದನ್ನಾದರೂ ಬರೆಸಿಕೊಳ್ಳಿ.

ಸಂಬಳ ಕಡಿಮೆ ಅಂದಿರಿ. ಏಪ್ರಿಲ್-ಮೇ ಬೇಸಿಗೆ ಶಿಬಿರ ನಡೆಸುವ ಹೊಣೆ ನಿಮಗೇ ಕೊಡಲಿ, ಅದರ ಶುಲ್ಕದಲ್ಲಿ ಒಂದು ಪಾಲು ನಿಮಗೆ, ಒಂದು ಪಾಲು ತಂಡದ ಪ್ರಯಾಣ ಖರ್ಚಿಗೆ. ನಮ್ಮ ಕಡೆ ಈಜು ಕೋಚ್‌ಗಳ ಮನೆ ನಡೆಯುವುದೇ ಎಷ್ಟೋ ಸಲ ಆ ಎರಡು ತಿಂಗಳ ಮೇಲೆ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ಜೂನ್‌ನಲ್ಲಿ ಕಾಲೇಜಿಗೆ ಕೋಚ್ ಆಗಿ ಸೇರಿದೆ. ಟ್ರಯಲ್ಸ್ ಇಟ್ಟರೆ ಹನ್ನೊಂದು ಜನ ಬಂದರು. ಅದರಲ್ಲಿ ಸರಿಯಾಗಿ 50 ಮೀಟರ್ ಈಜಿದ್ದು ನಾಲ್ಕು ಜನ. ಇಷ್ಟರಲ್ಲಿ ತಂಡ ಹೇಗೆ ಮಾಡಲಿ?
- ಹೊಸ ಕೋಚ್, ಶಿವಮೊಗ್ಗ ಜಿಲ್ಲೆ

ಉತ್ತರ: ಹನ್ನೊಂದು ಜನ ಬಂದರಲ್ಲ, ಅದು ಒಳ್ಳೆಯ ಶುರು. ನನ್ನ ಟ್ರಯಲ್ಸ್‌ಗೆ ಬಂದವರು ಏಳು.

ಟ್ರಯಲ್ಸ್ ಅನ್ನುವ ಶಬ್ದವನ್ನೇ ಮೊದಲು ಬಿಡಿ. ನೋಟಿಸ್ ಬೋರ್ಡ್‌ನಲ್ಲಿ ಆ ಶಬ್ದ ನೋಡಿದರೆ ತನಗೆ ಬರುತ್ತದೆ ಅಂತ ನಂಬಿಕೆ ಇರುವವರು ಮಾತ್ರ ಬರುತ್ತಾರೆ. ನಿಮಗೆ ಬೇಕಾದವರು ಬೇರೆ ಇದ್ದಾರೆ. ನಮ್ಮ ರಾಜ್ಯದಲ್ಲಿ ಮಕ್ಕಳು ಎಂಟನೇ, ಒಂಬತ್ತನೇ ಕ್ಲಾಸಿನವರೆಗೆ ಚೆನ್ನಾಗಿ ಈಜಿ, ಎಸ್ಸೆಸ್ಸೆಲ್ಸಿ ಬಂತು ಅಂತ ಬಿಡುತ್ತಾರೆ. ಉಳಿದವರು ಪಿಯುಸಿಯಲ್ಲಿ ಸಿಇಟಿ, ನೀಟ್ ಅಂತ ಬಿಡುತ್ತಾರೆ. ಧಿನಿಧಿ ದೇಸಿಂಗು 14ನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದ ಹುಡುಗಿ. ಈ ಆಟದಲ್ಲಿ ಆ ವಯಸ್ಸಿಗೆ ಅಷ್ಟು ಮುಂದೆ ಹೋಗಬಹುದು, ಆದರೆ ನಮ್ಮ ಹೆಚ್ಚಿನ ಮಕ್ಕಳು ಅದೇ ವಯಸ್ಸಿಗೆ ಗಾಗಲ್ಸ್ ತೆಗೆದು ಅಟ್ಟಕ್ಕೆ ಹಾಕುತ್ತಾರೆ. ಅವರಲ್ಲಿ ಒಂದಷ್ಟು ಜನ ಈಗ ನಿಮ್ಮ ಕಾಲೇಜಿನಲ್ಲೇ ಬಿಕಾಂ, ಬಿಸಿಎ ಓದುತ್ತಾ ಕೂತಿರುತ್ತಾರೆ, ನಿಮಗೆ ಗೊತ್ತಿಲ್ಲ ಅಷ್ಟೇ. ಮೂರು ವರ್ಷ ಬಿಟ್ಟಿದ್ದಕ್ಕೆ ದಮ್ಮು ಹೋಗಿರುತ್ತದೆ, ನಿಜ. ಕೈಕಾಲಿಗೆ ಕಲಿತದ್ದು ಮರೆತಿರುವುದಿಲ್ಲ. ಆರೆಂಟು ವಾರ ಈಜಿಸಿದರೆ ವಾಪಸ್ ಬರುತ್ತದೆ.

ಅವರನ್ನು ಹುಡುಕುವುದು ಹೇಗೆ? ಕ್ಲಾಸ್ ಕ್ಲಾಸಿಗೆ ಹೋಗಿ. 'ಯಾರಿಗೆ ಈಜಲು ಬರುತ್ತೆ' ಅಂತ ಕೇಳಬೇಡಿ, 'ಸ್ಕೂಲಲ್ಲಿದ್ದಾಗ ಯಾರು ಈಜುತ್ತಿದ್ದಿರಿ' ಅಂತ ಕೇಳಿ. ಮುಂದಿನ ವರ್ಷ ಅಡ್ಮಿಷನ್ ಸಮಯದಲ್ಲಿ ಕೌಂಟರ್ ಪಕ್ಕ ಒಂದು ಮೇಜು ಹಾಕಿಸಿಕೊಂಡು ಕೂರಿ. ನಾನು ಹಾಗೆ ಕೂತ ಮೊದಲ ವರ್ಷವೇ ಪುತ್ತೂರು ಕಡೆಯ ಇಬ್ಬರು ಸಿಕ್ಕಿದರು. ಅಲ್ಲಿ ಪರ್ಲಡ್ಕದ ಬಾಲವನದ ಕೊಳದಲ್ಲಿ ಕಲಿತು, ಹತ್ತನೇ ಕ್ಲಾಸಿಗೆ ಬಿಟ್ಟವರು. ಅದರಲ್ಲಿ ಒಬ್ಬಳು ಮೂರನೇ ವರ್ಷ ಯೂನಿವರ್ಸಿಟಿ ಬ್ಲೂ ಆದಳು, ಅಂದರೆ ಯೂನಿವರ್ಸಿಟಿ ತಂಡದಲ್ಲಿ ಈಜಿದಳು.

ಉಳಿದ ಏಳು ಜನರನ್ನು ಮಾತ್ರ ದಯವಿಟ್ಟು ಕಳಿಸಬೇಡಿ. ಹದಿನೆಂಟಕ್ಕೆ ಕಲಿಯಲು ಶುರು ಮಾಡಿದವರು ರಾಷ್ಟ್ರೀಯ ಮಟ್ಟಕ್ಕೆ ಹೋಗುವುದು ತುಂಬಾ ಕಷ್ಟ, ಹಾಗಂತ ಅವರಿಗೆ ಸುಳ್ಳು ಆಸೆ ಹುಟ್ಟಿಸುವುದೂ ತಪ್ಪು. ಆದರೆ ಎರಡು ವರ್ಷ ಬಿಡದೆ ಬಂದರೆ ಅಂತರಕಾಲೇಜು ಮೀಟ್‌ನಲ್ಲಿ ಈಜುವ ಮಟ್ಟಕ್ಕೆ ಬರುತ್ತಾರೆ, ಇದು ನನ್ನ ಕಣ್ಣೆದುರೇ ಆಗಿದೆ. ಒಂದು ಲೇನ್ ಅವರಿಗೇ ಅಂತ ಇಡಿ. ನೀರಿನ ಭಯ ಇರುವವರೂ ಅದರಲ್ಲಿರಲಿ. ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಮ್ಮ ನಿಶಾ ಮಿಲೆಟ್ ಕೂಡ ಐದು ವರ್ಷದವರಿದ್ದಾಗ ಮುಳುಗುವ ಅಪಾಯದಿಂದ ಪಾರಾದವರು, ಈಜು ಕಲಿತಿದ್ದು ಅದಾದ ಮೇಲೆ.

ಐದು ಲೇನ್ ಇದ್ದರೆ ಲೇನ್‌ಗೆ ನಾಲ್ಕೈದು ಜನ ವೃತ್ತದಲ್ಲಿ ಈಜಬಹುದು, ಬಲಗಡೆ ಹೋಗಿ ಎಡಗಡೆ ವಾಪಸ್ ಬರುವುದಲ್ಲ, ಹೋಗುವಾಗಲೂ ಬರುವಾಗಲೂ ಅವರವರ ಬಲಕ್ಕೇ ಇರಬೇಕು ಅನ್ನುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ತಲೆಗೆ ತಲೆ ಹೊಡೆಯುತ್ತದೆ. ಮೊದಲ ಎರಡು ವಾರ ದಿನಕ್ಕೆ 400-600 ಮೀಟರ್ ಸಾಕು. ಮೂರು ತಿಂಗಳಿಗೆ 1500. ಹಳಬರು ವರ್ಷದ ಕೊನೆಗೆ ಒಂದೂವರೆ ಗಂಟೆಯಲ್ಲಿ 3000 ಮಾಡಲಿ. ನೀವು ಈಜುತ್ತಿದ್ದ ಕಾಲದ ಸೆಟ್‌ಗಳನ್ನು ಇವರ ಮೇಲೆ ಹೇರಿದರೆ ಭುಜ ನೋವು ಅಂತ ಕೂರುತ್ತಾರೆ.

ಮೊದಲ ವರ್ಷದ ಗುರಿ ಒಂದೇ ಇರಲಿ: 4×100 ಮೆಡ್ಲೆ ರಿಲೇ. ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ, ಫ್ರೀಸ್ಟೈಲ್, ಈ ಕ್ರಮದಲ್ಲಿ ನಾಲ್ಕು ಜನ. ನಿಮ್ಮ ಹತ್ತಿರ ಸರಿಯಾಗಿ ನಾಲ್ಕು ಜನ ಇದ್ದಾರಲ್ಲ! ಎಲ್ಲರೂ ಫ್ರೀಸ್ಟೈಲ್‌ಗೇ ಮುಗಿಬೀಳುತ್ತಾರೆ, ಅದನ್ನು ತಡೆದು ಒಬ್ಬೊಬ್ಬರಿಗೆ ಒಂದೊಂದು ಸ್ಟ್ರೋಕ್ ಹಂಚಿ. ಬಟರ್‌ಫ್ಲೈಯಲ್ಲಿ ಪೂರ್ತಿ 100 ಮೀಟರ್ ನಿಯಮ ತಪ್ಪದೆ ಮುಗಿಸುವ ಹುಡುಗ ಸಿಕ್ಕಿದರೆ ಅರ್ಧ ಕೆಲಸ ಆದಂತೆ. ನಾನು ಕಂಡ ಎಷ್ಟೋ ಕಾಲೇಜುಗಳು ಮೆಡ್ಲೆ ರಿಲೇಗೆ ಹೆಸರೇ ಕೊಡುವುದಿಲ್ಲ. ಕೊಟ್ಟವರಲ್ಲೂ ಬ್ರೆಸ್ಟ್‌ಸ್ಟ್ರೋಕ್‌ನವರು ಒಂದೇ ಕೈಯಲ್ಲಿ ಗೋಡೆ ಮುಟ್ಟಿ, ಇಲ್ಲವೇ ಮುಂದಿನವರು ಅವಸರಕ್ಕೆ ಮೊದಲೇ ಹಾರಿ ಡಿಸ್‌ಕ್ವಾಲಿಫೈ ಆಗುತ್ತಾರೆ. ಎರಡೂ ಕೈಯಲ್ಲಿ ಒಟ್ಟಿಗೆ ಮುಟ್ಟುವುದನ್ನು ದಿನಾ ಅಭ್ಯಾಸ ಮಾಡಿಸಿ, ಮಾಮೂಲಿ ಲ್ಯಾಪ್‌ನಲ್ಲೂ ಬಿಡಬೇಡಿ.

25 ಮೀಟರ್ ಕೊಳದ ಟೈಮಿಂಗ್ ನಂಬಿ ಮೀಟ್‌ಗೆ ಹೋಗಬೇಡಿ. ನಿಮ್ಮಲ್ಲಿ 100 ಮೀಟರ್‌ಗೆ ಮೂರು ಟರ್ನ್, ಮೂರು ಸಲ ಗೋಡೆ ತಳ್ಳಿ ಮುಂದೆ ಹೋಗಬಹುದು. 50 ಮೀಟರ್ ಕೊಳದಲ್ಲಿ ಒಂದೇ ಟರ್ನ್. ಕೊನೆಯ ಹದಿನೈದು ಮೀಟರ್ ಕೈ ಕಲ್ಲಾಗುತ್ತದೆ. ಮೀಟ್‌ಗೆ ಮುಂಚೆ ಒಂದೆರಡು ಭಾನುವಾರವಾದರೂ ಮಕ್ಕಳನ್ನು ಉದ್ದ ಕೊಳಕ್ಕೆ ಕರೆದುಕೊಂಡು ಹೋಗಿ.

ಇನ್ನೊಂದು ಮಾತು, ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಳದ ಗೋಡೆಗೆ ಅಂಟಿಸಿ. ಯಾರು ಜಾಸ್ತಿ ಹೊತ್ತು ನೀರೊಳಗೆ ಉಸಿರು ಹಿಡಿಯುತ್ತಾರೆ ಅನ್ನುವ ಪಂದ್ಯ ನಿಷಿದ್ಧ. ಜೋರಾಗಿ ನಾಲ್ಕಾರು ಸಲ ಉಸಿರೆಳೆದು ಮುಳುಗಿದವರಿಗೆ ಉಸಿರು ಬೇಕು ಅನ್ನಿಸುವ ಮುಂಚೆಯೇ ಎಚ್ಚರ ತಪ್ಪುತ್ತದೆ. ಸದ್ದೇ ಆಗುವುದಿಲ್ಲ. ಚೆನ್ನಾಗಿ ಈಜುವ ಹುಡುಗರೇ ಇದಕ್ಕೆ ಬಲಿಯಾಗುವುದು.

ಪ್ರಶ್ನೆ: ನಾನು ಬಿಕಾಂ ಮೊದಲ ವರ್ಷ. ಏಳನೇ ಕ್ಲಾಸಿನವರೆಗೆ ಈಜುತ್ತಿದ್ದೆ. ಈಗ ಕಾಲೇಜು ತಂಡಕ್ಕೆ ಬಾ ಅಂತ ಸರ್ ಕರೆಯುತ್ತಿದ್ದಾರೆ, ನನಗೂ ಆಸೆ. ಮನೆಯಲ್ಲಿ ಕಾಸ್ಟ್ಯೂಮ್ ಬಗ್ಗೆ ಬೇಡ ಅನ್ನುತ್ತಾರೆ. ಮುಟ್ಟಿನ ದಿನಗಳಲ್ಲಿ ಸರ್ ಹತ್ತಿರ ಏನು ಹೇಳುವುದು ಅನ್ನುವುದೂ ಒಂದು ಚಿಂತೆ.
- ಹೆಸರು ಬೇಡ, ಹಾಸನ

ಉತ್ತರ: ನೋಡಮ್ಮಾ, ಕಾಸ್ಟ್ಯೂಮ್ ಅಂದ ತಕ್ಷಣ ಮನೆಯವರ ಕಣ್ಣಿಗೆ ಬರುವುದು ಒಂದೇ ಚಿತ್ರ. ಮಂಡಿಯವರೆಗೆ ಬರುವ ಈಜುಡುಪನ್ನು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ ಹಾಕುತ್ತಾರೆ, ಒಲಿಂಪಿಕ್ಸ್‌ನಲ್ಲಿ ಈಜುವವರಲ್ಲಿ ಬಹಳ ಜನ ಹಾಕುವುದು ಅದನ್ನೇ. ಅಂಗಡಿಗೆ ಅಮ್ಮನನ್ನೇ ಕರೆದುಕೊಂಡು ಹೋಗು, ಕೈಯಲ್ಲಿ ಹಿಡಿದು ನೋಡಲಿ. ಪ್ರಾಕ್ಟೀಸ್‌ಗೆ ಕೈಕಾಲು ಪೂರ್ತಿ ಮುಚ್ಚುವ ಈಜುಡುಪೂ ಆಗುತ್ತದೆ. ಹತ್ತಿ ಬಟ್ಟೆ, ಚೂಡಿದಾರ್ ಮಾತ್ರ ಬೇಡ, ನೀರು ಹೀರಿ ಕೆಳಗೆ ಎಳೆಯುತ್ತದೆ. ಒಂದು ದಿನ ಅಪ್ಪ ಅಮ್ಮ ಇಬ್ಬರೂ ಬಂದು ಕೊಳದ ಹತ್ತಿರ ಕೂತು ಪ್ರಾಕ್ಟೀಸ್ ನೋಡಲಿ. ನನ್ನ ತಂಡಕ್ಕೆ ಬಂದ ಅರ್ಧದಷ್ಟು ಹುಡುಗಿಯರು ಹಾಗೆಯೇ ಬಂದವರು.

ಮುಟ್ಟಿನ ದಿನ ಈಜಬಾರದು ಅಂತೇನೂ ಇಲ್ಲ. ಟ್ಯಾಂಪೂನ್ ಅಥವಾ ಕಪ್ ಬಳಸುವವರು ಈಜುತ್ತಾರೆ, ಪ್ಯಾಡ್ ನೀರಿನಲ್ಲಿ ಆಗುವುದಿಲ್ಲ. ನಿನಗೆ ಬೇಡ ಅನ್ನಿಸಿದರೆ ಬೇಡ. ಹೊಟ್ಟೆನೋವಿದ್ದರೆ ಮನೆಯಲ್ಲಿರು. 'ಇವತ್ತು ನೀರಿಗಿಳಿಯಲ್ಲ ಸರ್' ಅಷ್ಟು ಹೇಳಿದರೆ ಸಾಕು.

ಇದನ್ನು ಓದುತ್ತಿರುವ ಕೋಚ್‌ಗಳಿಗೆ: ಆ ಮಾತಿಗೆ 'ಯಾಕೆ' ಅಂತ ಮರುಪ್ರಶ್ನೆ ಹಾಕಬೇಡಿ. ಆ ದಿನ ಅವಳಿಗೆ ಸ್ಟಾಪ್‌ವಾಚ್ ಕೊಡಿ, ಇಲ್ಲವೇ ದಡದ ಮೇಲೆ ವ್ಯಾಯಾಮ ಕೊಡಿ. ಕೊಳದ ಬಳಿ ಒಬ್ಬ ಮಹಿಳಾ ಸಿಬ್ಬಂದಿ ಯಾವಾಗಲೂ ಇರಬೇಕು. ಬಟ್ಟೆ ಬದಲಿಸುವ ಕೋಣೆಗೆ ಒಳಗಿಂದ ಚಿಲಕ ಇದೆಯಾ ಅಂತ ನೀವೇ ಹೋಗಿ ನೋಡಿ. ಹುಡುಗಿಯರು ತಂಡ ಬಿಡುವುದು ಇಂಥ ಕಾರಣಕ್ಕೇ, ಆದರೆ ಬಾಯಿಬಿಟ್ಟು ಹೇಳುವುದು ಓದು ಜಾಸ್ತಿ ಆಯ್ತು ಅಂತ.

ಪ್ರಶ್ನೆ: ಕಾಲೇಜಿನಲ್ಲಿ ಈಜು ಕೋಚ್ ಆಗಲು ಎಂಪಿಇಡಿ ಮಾಡಬೇಕಾ, ಎನ್‌ಐಎಸ್ ಮಾಡಬೇಕಾ?
- ಬಿಪಿಇಡಿ ವಿದ್ಯಾರ್ಥಿ, ಧಾರವಾಡ

ಉತ್ತರ: ಎರಡೂ ಬೇರೆ ಬೇರೆ ದಾರಿ. ಎಂಪಿಇಡಿ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ, ಎನ್‌ಐಎಸ್ ಅಂದರೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಕೋರ್ಸ್. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಕಾಯಂ ಹುದ್ದೆಗೆ ಯುಜಿಸಿ ನಿಯಮದಂತೆ ಎಂಪಿಇಡಿಯಲ್ಲಿ 55 ಶೇಕಡಾ, ಜೊತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್, ಇಲ್ಲವೇ ಪಿಎಚ್‌ಡಿ ಬೇಕು. ದೈಹಿಕ ಪರೀಕ್ಷೆಯೂ ಇದೆ. 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್ ಓಡಬೇಕು. ನೀರಿನಲ್ಲೇ ಇದ್ದು ನೆಲದ ಮೇಲೆ ಓಡುವುದನ್ನು ಬಿಟ್ಟವರು ಇದನ್ನು ಹಗುರ ಅಂದುಕೊಳ್ಳಬೇಡಿ. ಕೋಚ್ ಹುದ್ದೆ ಸಾಮಾನ್ಯವಾಗಿ ಕರಾರಿನ ಮೇಲೆ, ಅಲ್ಲಿ ಕೇಳುವುದು ಎನ್‌ಐಎಸ್. 1961ರಲ್ಲಿ ಪಟಿಯಾಲದಲ್ಲಿ ಶುರುವಾದ ಸಂಸ್ಥೆ ಅದು, ಒಂದು ವರ್ಷದ ಡಿಪ್ಲೊಮಾ, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಎರಡೂ ಇವೆ. ನೀವು ಹೇಗೂ ಬಿಪಿಇಡಿಯಲ್ಲಿದ್ದೀರಿ, ಎಂಪಿಇಡಿ ಮುಗಿಸಿ, ಆಮೇಲೆ ಎನ್‌ಐಎಸ್‌ಗೆ ಪ್ರಯತ್ನಿಸಿ. ಆದರೆ ಈಗಿನಿಂದಲೇ ವಾರಕ್ಕೆ ಮೂರು ದಿನವಾದರೂ ಯಾವುದಾದರೂ ಕೊಳದಲ್ಲಿ ಹಿರಿಯ ಕೋಚ್ ಒಬ್ಬರ ಕೈಕೆಳಗೆ ನಿಂತು ಚಿಕ್ಕ ಮಕ್ಕಳಿಗೆ ಕಲಿಸಿ. ದ್ರೋಣಾಚಾರ್ಯ ಪ್ರಶಸ್ತಿ ಪಡೆದ ನಿಹಾರ್ ಅಮೀನ್, ಪ್ರದೀಪ್ ಕುಮಾರ್ ಇಬ್ಬರೂ ಬೆಂಗಳೂರಿನ ಕೊಳಗಳ ಪಕ್ಕದಲ್ಲೇ ವರ್ಷಗಟ್ಟಲೆ ನಿಂತವರು.

ಪ್ರಶ್ನೆ: ನಮ್ಮದು ಸರ್ಕಾರಿ ಕಾಲೇಜು, ಕೊಳ ಇಲ್ಲ. ಐದಾರು ಮಕ್ಕಳು ಚೆನ್ನಾಗಿ ಈಜುತ್ತಾರೆ. ಕೊಳ ಇಲ್ಲದೆ ತಂಡ ಮಾಡಬಹುದೇ?
- ದೈಹಿಕ ಶಿಕ್ಷಣ ನಿರ್ದೇಶಕಿ, ದಕ್ಷಿಣ ಕನ್ನಡ

ಉತ್ತರ: ಖಂಡಿತ ಮಾಡಬಹುದು. ಹತ್ತಿರದ ಪಾಲಿಕೆ ಕೊಳದವರಿಗೆ ಪ್ರಾಂಶುಪಾಲರ ಪತ್ರ ಕೊಟ್ಟು, ಬೆಳಗಿನ ಒಂದು ಗಂಟೆಗೆ ಎರಡು ಲೇನ್ ತಿಂಗಳ ಲೆಕ್ಕದಲ್ಲಿ ಕೇಳಿ. ಮಂಗಳೂರಿಗೆ ಹತ್ತಿರ ಇದ್ದರೆ ಲೇಡಿಹಿಲ್ ಹತ್ತಿರದ ಮಂಗಳಾ ಈಜುಕೊಳ ಇದೆ, ಎಮ್ಮೆಕೆರೆಯಲ್ಲಿ ಹೊಸ ಕೊಳ ಆಗಿದೆ. ನೀರಿಲ್ಲದ ದಿನ ಕಾಲೇಜಿನಲ್ಲೇ ರಬ್ಬರ್ ಬ್ಯಾಂಡ್, ಸ್ಕಿಪ್ಪಿಂಗ್, ಹೊಟ್ಟೆ ಗಟ್ಟಿಯಾಗುವ ವ್ಯಾಯಾಮ ಮಾಡಿಸಿ. ಕೆರೆ, ಹೊಳೆ ಮಾತ್ರ ಬೇಡವೇ ಬೇಡ, ಮಕ್ಕಳು ಎಷ್ಟೇ ಒತ್ತಾಯ ಮಾಡಲಿ. ಮಳೆಗಾಲದಲ್ಲಿ ತೆರೆದ ಕೊಳದಲ್ಲಿದ್ದಾಗ ಗುಡುಗು ಕೇಳಿಸಿದರೆ ಎಲ್ಲರನ್ನೂ ಹೊರಗೆ ಕರೆಯಿರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಾಯಿರಿ. ಇನ್ನು ಹಾಜರಾತಿ. ಬೆಳಗ್ಗೆ ಈಜಿ ಬಸ್ಸಿನಲ್ಲಿ ಬರುವವರಿಗೆ ಮೊದಲ ಪೀರಿಯಡ್ ಹತ್ತು ನಿಮಿಷ ತಡವಾಗುತ್ತದೆ. ಅದನ್ನು ಮಕ್ಕಳು ಹೋಗಿ ಲೆಕ್ಚರರ್ ಹತ್ತಿರ ಬೇಡಿಕೊಳ್ಳುವಂತೆ ಆಗಬಾರದು. ವರ್ಷದ ಶುರುವಿನಲ್ಲೇ ನೀವೇ ಸ್ಟಾಫ್ ರೂಮಿಗೆ ಹೋಗಿ ಒಬ್ಬೊಬ್ಬರ ಹತ್ತಿರವೂ ಮಾತಾಡಿ.

ಪ್ರಶ್ನೆ: ಮೂರು ವರ್ಷ ಕಷ್ಟಪಟ್ಟು ತಯಾರು ಮಾಡಿದ ಹುಡುಗ ಪದವಿಯ ಮಧ್ಯದಲ್ಲೇ ಬೆಂಗಳೂರಿನ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದಾನೆ. ಪಿಯುಸಿಯಿಂದ ನನ್ನ ಹತ್ತಿರ ಇದ್ದವನು. ತಂಡದಲ್ಲಿ ಅವನೊಬ್ಬನೇ ಪದಕ ತರುತ್ತಿದ್ದ. ರಾತ್ರಿ ನಿದ್ದೆ ಬರುತ್ತಿಲ್ಲ ಮೇಡಂ.
- ಕೋಚ್, ಬೆಳಗಾವಿ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನನಗೂ ಇದು ಆಗಿದೆ, ಒಂದಲ್ಲ, ಮೂರು ಸಲ. ಮೊದಲನೇ ಸಲ ನಾನು ಆ ಹುಡುಗಿಯ ಹತ್ತಿರ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಅದು ತಪ್ಪು ಅಂತ ಆಗಲೇ ಗೊತ್ತಿತ್ತು, ಆದರೂ ಮಾತು ಬರಲಿಲ್ಲ.

ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ರಿಯಾಯಿತಿ, ಹಾಸ್ಟೆಲ್, ತನಗಿಂತ ವೇಗವಾಗಿ ಈಜುವ ಜೊತೆಗಾರರು, ಎಲ್ಲ ಒಟ್ಟಿಗೆ ಸಿಗುತ್ತದೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ನಲ್ಲಿ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂತು, ಅದರಲ್ಲಿ ಈಜಿನ ಪಾಲು ದೊಡ್ಡದು. ಶ್ರೀಹರಿ ನಟರಾಜ್ ಅಂಥ ಒಲಿಂಪಿಯನ್ ಪಕ್ಕದ ಲೇನ್‌ನಲ್ಲಿ ಈಜುವ ತಂಡ ಅದು. ಅಂಥ ಕಡೆಯಿಂದ ಕರೆ ಬಂದರೆ ಹತ್ತೊಂಬತ್ತರ ಹುಡುಗ ಹೋಗಲೇಬೇಕು, ಅಲ್ವಾ? ಅವನನ್ನು ಕರೆಯುವ ಮಟ್ಟಕ್ಕೆ ತಂದವರು ನೀವು. ಇದನ್ನು ನಿಮ್ಮ ವಾರ್ಷಿಕ ವರದಿಯಲ್ಲಿ ಅವನ ಪದಕಗಳ ಜೊತೆಗೇ ಬರೆಯಿರಿ, ಆಡಳಿತ ಮಂಡಳಿಯವರು ನಷ್ಟ ಅಂತ ಲೆಕ್ಕ ಹಾಕುವ ಮುಂಚೆ.

ಒಬ್ಬನೇ ಪದಕ ತರುತ್ತಿದ್ದ ಅಂದಿರಿ. ನನಗೆ ಕಳವಳ ಆಗಿದ್ದು ಆ ಮಾತಿಗೆ. ಉಳಿದವರು ಮೂರು ವರ್ಷದಲ್ಲಿ ಎಷ್ಟು ಸೆಕೆಂಡ್ ಕಡಿಮೆ ಮಾಡಿಕೊಂಡಿದ್ದಾರೆ ಅಂತ ನಿಮ್ಮ ಟೈಮಿಂಗ್ ಪುಸ್ತಕ ತೆಗೆದು ನೋಡಿ. ಅವನ ನೆರಳಿನಲ್ಲಿ ಯಾರದ್ದಾದರೂ ಒಳ್ಳೆಯ ಸುಧಾರಣೆ ನಿಮ್ಮ ಕಣ್ಣಿಗೆ ಬೀಳದೆ ಹೋಗಿರಬಹುದು. ಮುಂದಿನ ರಿಲೇಯಲ್ಲಿ ಕೊನೆಯ ಸರದಿ ಈಜುವವರು ಯಾರು ಅಂತ ಈ ವಾರವೇ ಹೇಳಿಬಿಡಿ, ತಂಡ ಕಾಯುತ್ತಾ ಕೂರುವುದು ಬೇಡ.

ಅವನ ಮೂರು ವರ್ಷದ ಟೈಮಿಂಗ್, ಭುಜ ನೋವಾದದ್ದು ಯಾವಾಗ, ಮೀಟ್‌ಗೆ ಮುಂಚೆ ಎಷ್ಟು ದಿನ ಈಜು ಕಡಿಮೆ ಮಾಡಿಸಿದರೆ ಅವನಿಗೆ ಸರಿಹೋಗುತ್ತದೆ, ಎಲ್ಲ ಎರಡು ಪುಟ ಬರೆದು ಹೊಸ ಕೋಚ್‌ಗೆ ಕಳಿಸಿ. ಹೊಸಬರಿಗೆ ಇದು ಗೊತ್ತಾಗಲು ಒಂದು ವರ್ಷ ಬೇಕಾಗುತ್ತದೆ. ಹೋಗುವ ದಿನ ಅವನಿಗೆ ಒಂದು ಮಾತು ಹೇಳಿ, ದಸರಾ ರಜೆಗೆ ಊರಿಗೆ ಬಂದಾಗ ಬೆಳಗಿನ ಪ್ರಾಕ್ಟೀಸ್‌ಗೆ ಬಾ ಅಂತ. ಬಂದಾಗ ಒಂದು ಲೇನ್ ಪೂರ್ತಿ ಅವನಿಗೆ ಬಿಡಿ, ಹೊಸ ಮಕ್ಕಳನ್ನು ಗೋಡೆಯ ಹತ್ತಿರ ನಿಲ್ಲಿಸಿ, ಅವನ ಟರ್ನ್ ಅವರು ಹತ್ತಿರದಿಂದ ನೋಡಲಿ.